ಇದ್ದಿಲೂ ಒಕ್ಕಲುತನವೂ

(ಮಹೋತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಒಕ್ಕಲಿಗನ ಮುಂದೆ ನಿಲ್ಲುವ ಮೊದಲನೆಯ ಪ್ರಶ್ನೆಯು ಉಳಿದ ಕಟ್ಟಿಗೆಯನ್ನು ಏನು ಮಾಡಬೇಕೆಂಬುದು. ಜೋಳದ ಕಣಿಕೆಗೆ ಈ ಪ್ರಶ್ನೆ ಹುಟ್ಟುವುದಿಲ್ಲ; ಅದು ಬಣವೆಯಾಗಿ ದನಗಳ ಬಾಯಿಗೆ ಸೇರುತ್ತದೆ. ತೊಗರಿಯ ಕಟ್ಟಿಗೆಯು ಹಿಂದೆ ಬಹುಮಟ್ಟಿಗೆ ಒಲೆಗೂ ಬೇಲಿಗೂ ಸಲ್ಲುತ್ತಿದ್ದಿತು. ಅಡುಗೆಮನೆಗೆ ಅನಿಲದ ಒಲೆ ಬಂದ ತರುವಾಯ ತೊಗರಿಯದನ್ನೂ ಹತ್ತಿಯದನ್ನೂ ಕೇಳುವವರು ಕಡಿಮೆಯಾದರು. ಮುಂದಿನ ಬಿತ್ತನೆಗೆ ಹೊಲ ಹಸನಾಗಬೇಕು, ಹೊತ್ತು ಸಾಗಿಸಲು ಆಳು ಸಿಕ್ಕದು. ಆದುದರಿಂದ ಒಂದು ಸಂಜೆ ಬದುವಿನ ಬಳಿ ರಾಶಿ ಹಾಕಿ ಕಡ್ಡಿ ಗೀರಿಬಿಡುವುದೇ ರೂಢಿಯಾಗಿದೆ. ಭೂಮಿಯೂ ಸೂರ್ಯನೂ ಕೂಡಿ ಎಷ್ಟೋ ತಿಂಗಳು ಕಟ್ಟಿದ ವಸ್ತುವೆಲ್ಲವೂ ಒಂದು ತಾಸಿನೊಳಗೆ ಹೊಗೆಯಾಗಿ ಹೋಗಿ, ಒಂದೆರಡು ಬುಟ್ಟಿ ಬೂದಿ ಉಳಿಯುತ್ತದೆ. ರಾತ್ರಿ ಗಾಳಿ ಬೀಸಿದರೆ ಅದೂ ಇಲ್ಲ.

ಅದೇ ಕಟ್ಟಿಗೆಯನ್ನು ಅದೇ ಬೆಂಕಿಯಲ್ಲಿ, ಬೂದಿಯಾಗುವುದಕ್ಕೆ ಮುಂಚಿನ ಘಟ್ಟದಲ್ಲಿ ತಡೆದು ನಿಲ್ಲಿಸಿದರೆ ಏನಾಗುವುದೆಂಬುದೇ ಈ ಉಪನ್ಯಾಸದ ವಿಷಯ. ವಿಭೂತಿಯನ್ನು ಸಿದ್ಧಪಡಿಸುವವರಿಗೆ ಈ ಘಟ್ಟದ ಪರಿಚಯ ಚೆನ್ನಾಗಿ ಉಂಟು. ಒಣಗಿದ ಸೆಗಣಿಯ ಉಂಡೆಯು ಮೊದಲು ಕಪ್ಪಾಗುತ್ತದೆ, ಆಮೇಲೆ ಕೆಂಡವಾಗಿ ಹೊಳೆಯುತ್ತದೆ, ಕಡೆಗೆ ಬೆಳ್ಳಗಾಗುತ್ತದೆ. ವಿಭೂತಿಗೆ ಬೆಳ್ಳಗಾದುದೇ ಬೇಕು. ಭೂಮಿಗಾದರೋ ಕಪ್ಪಾಗಿದ್ದಾಗಲೇ ತೆಗೆದುದು ಬೇಕು. ಏಕೆಂದರೆ ಆ ಕಪ್ಪಿನಲ್ಲಿರುವುದು ಇಂಗಾಲ. ಬೆಳ್ಳಗಾಯಿತೆಂದರೆ ಇಂಗಾಲವೆಲ್ಲವೂ ಗಾಳಿಗೆ ಸಂದಿತೆಂದೇ ತಿಳಿಯತಕ್ಕದ್ದು.

ಶಬ್ದದ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳಿತು. ಸಂಸ್ಕೃತದ ಅಂಗಾರ ಶಬ್ದವು ಪ್ರಾಕೃತದಲ್ಲಿ ಇಂಗಾಲವಾಯಿತು. ಹಳಗನ್ನಡದಲ್ಲಿ ಕೆಂಡಕ್ಕೆ ಇಂಗಳವೆಂದು ಹೆಸರು. ಇಂದಿನ ರಸಾಯನಶಾಸ್ತ್ರದ ಮೂಲವಸ್ತುವೊಂದು ಹೀಗೆ ಕೆಂಡದ ಹೆಸರನ್ನೇ ಹೊತ್ತು ಕನ್ನಡದಲ್ಲಿ ಸಂಚರಿಸುತ್ತಿದೆ. ಭೂಮಿಗೆ ಸೇರಿಸುವುದಕ್ಕಾಗಿಯೇ ಮಾಡಿದ ಇದ್ದಿಲನ್ನು ಇಂಗ್ಲಿಷಿನವರು ಬಯೋಚಾರ್ ಎಂದು ಕರೆಯುತ್ತಾರೆ. ನಮ್ಮ ಕೃಷಿ ಪಂಡಿತರು ಅದನ್ನು ಜೈವಿಕ ಇದ್ದಿಲು ಎಂದಿದ್ದಾರೆ. ಹೆಸರು ಹೊಸದು, ವಸ್ತು ಬಹಳ ಹಳೆಯದು.

ಎಷ್ಟು ಹಳೆಯದೆಂಬುದಕ್ಕೆ ದಕ್ಷಿಣ ಅಮೆರಿಕೆಯ ಅಮೆಝಾನ್ ನದಿಯ ಬಯಲೇ ಸಾಕ್ಷಿ. ಅಲ್ಲಿಯ ಕಾಡು ದಟ್ಟವಾದುದಾದರೂ ಅದರ ಕೆಳಗಿನ ಮಣ್ಣು ಬಹುಮಟ್ಟಿಗೆ ನಿಸ್ಸಾರವಾದುದು. ಹುಳಿಗುಣದ್ದು, ಹಳದಿ ಅಥವಾ ಕೆಂಪು ಬಣ್ಣದ್ದು. ಬಿರುಮಳೆಯು ಸಾರವನ್ನೆಲ್ಲ ತೊಳೆದೊಯ್ಯುತ್ತದೆ. ಕಾಡು ಕಡಿದು ಬಿತ್ತಿದರೆ ಎರಡು ಮೂರು ಬೆಳೆಗೆ ಭೂಮಿ ಸೋಲುತ್ತದೆ. ಸ್ಪೇನ್ ದೇಶದ ಒರೆಯಾನನು 1541-42ರಲ್ಲಿ ಆ ನದಿಯುದ್ದಕ್ಕೂ ಪಯಣಿಸಿದಾಗ ಸಂಗಡ ಇದ್ದ ಪಾದ್ರಿ ಕಾರ್ವಾಹಾಲನು ದಡದಲ್ಲಿ ದೊಡ್ಡ ದೊಡ್ಡ ಊರುಗಳಿದ್ದುವೆಂದು ಬರೆದಿಟ್ಟನು. ಅನಂತರದವರು ಹೋಗಿ ನೋಡಿದರೆ ಊರುಗಳಿಲ್ಲ. ಇಂಥ ಬಡ ಭೂಮಿ ಅಷ್ಟು ಜನರನ್ನು ಸಾಕಲು ಸಾಧ್ಯವೇ ಎಂದು ಪಂಡಿತರು ಆತನ ಮಾತನ್ನು ಬಹುಕಾಲ ನಂಬಲಿಲ್ಲ.

1870ರ ದಶಕದಲ್ಲಿ ಚಾರ್ಲ್ಸ್ ಹಾರ್ಟ್, ಹರ್ಬರ್ಟ್ ಸ್ಮಿತ್ ಮೊದಲಾದವರು ಅದೇ ಬಯಲಿನಲ್ಲಿ ಅಲ್ಲಲ್ಲಿ ತುಂಡು ತುಂಡಾಗಿ ಬಿದ್ದಿದ್ದ ಕಾಡಿಗೆಯಂಥ ಕಪ್ಪು ನೆಲವನ್ನು ಕಂಡು ವರ್ಣಿಸಿದರು. ಅಲ್ಲಿಯ ಜನ ಅದನ್ನು ಪೋರ್ಚುಗೀಸ್ ಭಾಷೆಯಲ್ಲಿ ಟೆರ್ರಾ ಪ್ರೇಟಾ, ಎಂದರೆ ಕಪ್ಪು ಮಣ್ಣು, ಎನ್ನುತ್ತಾರೆ. ನಮ್ಮ ಎರೆಭೂಮಿಯೂ ಕಪ್ಪೇ ಆದರೂ ಅದರ ಕಪ್ಪು ಬೇರೆ, ಇದರ ಕಪ್ಪು ಬೇರೆ. ಎರೆಯು ದಖ್ಖಣದ ಕರಿಯ ಬಂಡೆ ಕರಗಿ ಆದ ಜಿಗಟು ಮಣ್ಣು. ಆ ಕಪ್ಪು ನೆಲವಾದರೋ ಮನುಷ್ಯರು ಮಾಡಿದ್ದು. ಅದನ್ನು ಅಗೆದರೆ ಮಡಕೆಯ ಚೂರು, ಮೀನಿನ ಮುಳ್ಳು, ಒಲೆಯ ಕಸ, ಎಲ್ಲಕ್ಕಿಂತ ಹೆಚ್ಚಾಗಿ ಇದ್ದಿಲಿನ ಚೂರು ದೊರೆಯುತ್ತವೆ. ಡಚ್ ಭೂವಿಜ್ಞಾನಿ ವಿಮ್ ಸೊಂಬ್ರೂಕ್ 1966ರಲ್ಲಿ ಅಮೆಝಾನಿನ ಮಣ್ಣುಗಳನ್ನು ಕುರಿತು ಗ್ರಂಥ ಬರೆದು ಇದರ ಕಡೆಗೆ ವಿದ್ವಾಂಸರ ದೃಷ್ಟಿಯನ್ನು ಎಳೆದನು. ಮುಂದೆ ಜರ್ಮನಿಯ ಬ್ರೂನೋ ಗ್ಲೇಸರ್ ಮತ್ತು ಸಂಗಡಿಗರು 2001ರಲ್ಲಿ ಅಳೆದು ಹೇಳಿದುದೇನೆಂದರೆ, ಸುತ್ತಣ ನೆಲಕ್ಕಿಂತ ಈ ನೆಲದಲ್ಲಿ ಸುಟ್ಟ ಇಂಗಾಲವು 70 ಪಟ್ಟಿನವರೆಗೂ ಹೆಚ್ಚಾಗಿರುತ್ತದೆ. ಅದನ್ನು ಮಾಡಿದ ಜನ ಐರೋಪ್ಯರು ತಂದ ರೋಗಗಳಿಗೆ ಬಹುಪಾಲು ತುತ್ತಾಗಿ ಹೋದರು. ನೆಲ ಮಾತ್ರ ಇಂದಿಗೂ ಬೆಳೆ ಕೊಡುತ್ತಿದೆ. ಪಾದ್ರಿಯ ಮಾತು ಸುಳ್ಳಾಗಿರಲಿಲ್ಲವೆಂದು ಈಗ ಬಹುಮಂದಿ ಒಪ್ಪುತ್ತಾರೆ.

ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಕುಡತಿನಿಯೇ ಮೊದಲಾದ ಕಡೆ ಇರುವ ಬೂದಿದಿಬ್ಬಗಳನ್ನು ನೆರೆದವರಲ್ಲಿ ಅನೇಕರು ನೋಡಿರಬಹುದು. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ಹೇಳುವುದುಂಟು. ಪ್ರಾಕ್ತನಶಾಸ್ತ್ರಜ್ಞರ ಮತದಂತೆ ಅವು ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ದೊಡ್ಡಿಯ ಸೆಗಣಿಯನ್ನು ಸುಟ್ಟು ಆದುವು. ಅಲ್ಲಿ ಬೆಂಕಿ ಕೊನೆಯವರೆಗೂ ಉರಿದು ಬೂದಿ ಉಳಿಯಿತು. ಅಮೆಝಾನಿನಲ್ಲಿ ಬೆಂಕಿ ನಡುವೆ ಆರಿ ಇದ್ದಿಲು ಉಳಿಯಿತು. ಎರಡೂ ಬೆಂಕಿಯ ಫಲವೇ ಆದರೂ ಒಂದರಲ್ಲಿ ಬೆಳೆಯಿಲ್ಲ, ಇನ್ನೊಂದು ಹೊಲವಾಗಿ ನಿಂತಿದೆ.

ಇನ್ನು ಇದ್ದಿಲು ಆಗುವ ಬಗೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ ಇರುತ್ತದೆ. ಅದಕ್ಕೆ ಗಾಳಿ ಸಾಲದಂತೆ ಮಾಡಿ 350ರಿಂದ 700 ಡಿಗ್ರಿಯವರೆಗೆ ಕಾಯಿಸಿದರೆ, ನೀರೂ ಟಾರಿನಂಥ ಎಣ್ಣೆಯೂ ಉರಿಯುವ ಅನಿಲಗಳೂ ಹೊರಟುಹೋಗಿ, ಇಂಗಾಲದ ಒಂದು ಭಾಗವು ಗಟ್ಟಿಯಾದ ಜಾಲವಾಗಿ ಹೆಣೆದುಕೊಳ್ಳುತ್ತದೆ. ಹಸಿ ಎಲೆಯನ್ನು ತಿಂದು ಮುಗಿಸುವ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಈ ಜಾಲವು ಬೇಗನೆ ಜೀರ್ಣವಾಗದು. ಆದಕಾರಣ ಅದು ನೂರಾರು ವರ್ಷ ನೆಲದಲ್ಲಿ ನಿಲ್ಲುತ್ತದೆ. ಗಿಡದಲ್ಲಿ ನೀರು ಹರಿದ ಸೂಕ್ಷ್ಮ ನಾಳಗಳೆಲ್ಲವೂ ಹಾಗೆಯೇ ಬರಿದಾಗಿ ಉಳಿದಿರುವುದರಿಂದ ಇದ್ದಿಲು ಹಗುರವೂ ರಂಧ್ರಮಯವೂ ಆಗಿರುತ್ತದೆ. ಹೆಚ್ಚು ಶಾಖದಲ್ಲಿ ಮಾಡಿದ ಒಂದು ಗ್ರಾಮ್ ಇದ್ದಿಲಿನ ಒಳಮೈಯನ್ನೆಲ್ಲ ಹರಡಿ ಅಳೆದರೆ ನೂರಾರು ಚದರ ಮೀಟರಾಗುತ್ತದೆ. ಚಿಟಿಕೆಯಷ್ಟು ವಸ್ತುವಿನಲ್ಲಿ ಒಂದು ದೊಡ್ಡ ಮನೆಯ ನೆಲದಷ್ಟು ಜಾಗ!

ಇದನ್ನು ಮಾಡಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆಯವರು ಎಣ್ಣೆಯ ಪೀಪಾಯಿಯ ತಳಕ್ಕೆ ತೂತುಗಳನ್ನು ಕೊರೆದು ಹತ್ತಿ, ತೊಗರಿ, ಮೆಕ್ಕೆಜೋಳ, ಔಡಲಗಳ ಕಟ್ಟಿಗೆಯನ್ನು ಇದ್ದಿಲು ಮಾಡುವ ಸುಲಭ ಭಟ್ಟಿಯನ್ನು ರೂಪಿಸಿದ್ದಾರೆ. ಅದಕ್ಕಿಂತಲೂ ಸುಲಭವಾದುದು ಕುಳಿ. ಮೇಲೆ ಅಗಲ, ಕೆಳಗೆ ಕಿರಿದಾಗಿ, ಬೋಗುಣಿಯ ಆಕಾರದಲ್ಲಿ ಎರಡು ಮೂರು ಅಡಿ ಆಳದ ಕುಳಿಯನ್ನು ತೋಡಿ, ತಳದಲ್ಲಿ ಬೆಂಕಿ ಹೊತ್ತಿಸಿ, ಚೆನ್ನಾಗಿ ಒಣಗಿದ ಕಟ್ಟಿಗೆಯನ್ನು ತೆಳುವಾದ ಪದರವಾಗಿ ಹಾಕಬೇಕು. ಆ ಪದರದ ಮೈಮೇಲೆ ಬಿಳಿಯ ಬೂದಿ ಕಾಣಲು ತೊಡಗಿದ ಕ್ಷಣವೇ ಇನ್ನೊಂದು ಪದರ ಹಾಕತಕ್ಕದ್ದು. ಹೀಗೆ ಮಾಡುತ್ತ ಹೋದರೆ ಮೇಲಿನ ಜ್ವಾಲೆಯು ಬರುವ ಗಾಳಿಯನ್ನೆಲ್ಲ ತಾನೇ ಉಂಡುಬಿಡುತ್ತದೆ. ಕೆಳಗಿನ ಕೆಂಡಕ್ಕೆ ಗಾಳಿ ಮುಟ್ಟದು. ಕೆಳಗಿನಿಂದೇಳುವ ಹೊಗೆಯೂ ಆ ಜ್ವಾಲೆಯಲ್ಲಿಯೇ ಉರಿದುಹೋಗುವುದರಿಂದ ಕಣ್ಣುರಿ ಇಲ್ಲ. ಕುಳಿ ತುಂಬಿದ ಮೇಲೆ ನೀರನ್ನಾಗಲಿ ಸೆಗಣಿ ಬಗ್ಗಡವನ್ನಾಗಲಿ ಧಾರಾಳವಾಗಿ ಸುರಿದು ನಂದಿಸಬೇಕು. ಸ್ವಿಟ್ಜರ್ಲೆಂಡಿನಲ್ಲಿ 2014ರ ಸುಮಾರಿಗೆ ಈ ತತ್ತ್ವದಿಂದಲೇ ಮಾಡಿದ ಉಕ್ಕಿನ ಭಟ್ಟಿಗೆ ಕಾನ್-ಟಿಕಿ ಎಂದು ಹೆಸರಿಟ್ಟರು. ಅದು ಅನೇಕ ದೇಶಗಳಲ್ಲಿ ಹರಡಿದೆ.

ನಂದಿಸುವ ಕೆಲಸದಲ್ಲಿ ಉದಾಸೀನ ಕೂಡದು. ಹೊರಗೆ ಆರಿದಂತೆ ಕಂಡು ಒಳಗೆ ಕೆಂಡವಿರುವ ರಾಶಿ ಮರುದಿನ ಬೆಳಗಿಗೆ ಬೂದಿಯಾಗಿರುತ್ತದೆ, ಕೆಲವು ವೇಳೆ ಪಕ್ಕದ ಬಣವೆಯನ್ನೂ ಕೊಂಡೊಯ್ಯುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ಎಂದಿಗೂ ಮಾಡಲಾಗದು. ಅರೆ ಉರಿದ ಇಂಗಾಲದ ಅನಿಲಕ್ಕೆ ವಾಸನೆಯಿಲ್ಲ, ಕೊಲ್ಲುವ ಶಕ್ತಿ ಉಂಟು. ಒಣ ಇದ್ದಿಲನ್ನು ಕುಟ್ಟುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕು. ಇದ್ದಿಲು ಪಕ್ವವಾಯಿತೋ ಇಲ್ಲವೋ ಎಂದು ತಿಳಿಯಲು ಒಂದು ಸಾಮಾನ್ಯ ಪರೀಕ್ಷೆಯಿದೆ. ಕೈಯಲ್ಲಿ ಹಿಡಿದು ಉಜ್ಜಿ ಬರಿಯ ನೀರಿನಿಂದ ತೊಳೆದರೆ ಮಸಿ ಹೋಗಬೇಕು. ಜಿಡ್ಡು ಉಳಿದರೆ ಟಾರು ಇನ್ನೂ ಇದೆಯೆಂದು ಅರ್ಥ; ಅಂಥದು ಬೇರಿಗೆ ಹಿತವಲ್ಲ.

ಇಲ್ಲಿಯವರೆಗೆ ಹೇಳಿದುದರಲ್ಲಿ ತಪ್ಪು ತಿಳಿವಳಿಕೆಗೆ ಅವಕಾಶ ಕಡಿಮೆ. ಮುಂದಿನ ಮಾತಿನಲ್ಲಿಯೇ ಅನೇಕರು ಎಡವುತ್ತಾರೆ. ಇದ್ದಿಲು ಗೊಬ್ಬರವಲ್ಲ. ಸುಡುವಾಗ ಕಟ್ಟಿಗೆಯ ಸಾರಜನಕದ ಬಹುಭಾಗ ಹೊಗೆಯ ಸಂಗಡ ಹೋಗುತ್ತದೆ. ಪೊಟ್ಯಾಷೂ ರಂಜಕವೂ ಸ್ವಲ್ಪ ಉಳಿಯುತ್ತವೆ, ಅಷ್ಟೆ. ಹಸಿದ ಇದ್ದಿಲನ್ನು ಹಾಗೆಯೇ ಹೊಲಕ್ಕೆ ಹಾಕಿದರೆ ಅದು ಮಣ್ಣಿನಲ್ಲಿದ್ದ ಸಾರವನ್ನು ಮೊದಲು ತಾನೇ ಹೀರಿ, ಆ ವರ್ಷ ಬೆಳೆಯನ್ನು ಸೊರಗಿಸುವುದೂ ಉಂಟು. ಹಾಗೆ ಹಾಕಿ, ಬೆಳೆ ಹಳದಿಯಾದುದನ್ನು ಕಂಡು, ಇದೆಲ್ಲ ಪುಸ್ತಕದ ಬದನೆಕಾಯಿ ಎಂದು ಕೈಬಿಟ್ಟವರಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಉಣಿಸದೆ ಹಾಕಲು ಹೇಳಿದವರದೇ ತಪ್ಪು.

ಉಣಿಸುವುದೆಂದರೆ ಏನು? ದನದ ಕೊಟ್ಟಿಗೆಯ ಗಂಜಲ ಹರಿಯುವ ಕಡೆ ಇದ್ದಿಲ ಪುಡಿಯನ್ನು ಹಾಸಿದರೆ ಅದು ಗಂಜಲವನ್ನು ಕುಡಿಯುತ್ತದೆ, ಕೊಟ್ಟಿಗೆಯ ಘಾಟು ತಗ್ಗುತ್ತದೆ; ಆ ಘಾಟಾಗಿ ಹಾರಿಹೋಗುವುದು ಗೊಬ್ಬರದ ಸಾರಜನಕವೇ ಎಂಬುದನ್ನು ಮರೆಯಬಾರದು. ಅಥವಾ ತಿಪ್ಪೆ ಕಟ್ಟುವಾಗ ಹತ್ತು ಬುಟ್ಟಿ ಕಸಕ್ಕೆ ಒಂದು ಬುಟ್ಟಿ ಇದ್ದಿಲಿನಂತೆ ಪದರ ಪದರವಾಗಿ ಸೇರಿಸಿ ಗೊಬ್ಬರದ ಸಂಗಡ ಕಳಿಯಬಿಡಬಹುದು. ನೇಪಾಳದಲ್ಲಿ ಗೋಮೂತ್ರ ಉಣಿಸಿದ ಇದ್ದಿಲನ್ನು ಕುಂಬಳದ ಬೇರಿನ ಬುಡಕ್ಕೆ ಮಾತ್ರ, ಹೆಕ್ಟೇರಿಗೆ 750 ಕಿಲೋದಂತೆ ಹಾಕಿ ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಬರಿಯ ಗೋಮೂತ್ರ ಹಾಕಿದ ಮಡಿಗಿಂತ ಇದರಲ್ಲಿ ನಾಲ್ಕರಷ್ಟು ಕಾಯಿ ಬಂದಿತು. ಎಲ್ಲ ಬೆಳೆಗೂ ಎಲ್ಲ ನೆಲಕ್ಕೂ ಹೀಗೆಯೇ ಆಗುವುದೆಂದು ಯಾರೂ ತಿಳಿಯಬಾರದು. ಗಮನಿಸತಕ್ಕ ಸಂಗತಿಯೆಂದರೆ, ಇದ್ದಿಲು ಒಂದನ್ನೇ ಹಾಕಿದುದಕ್ಕಿಂತಲೂ ಗೋಮೂತ್ರ ಒಂದನ್ನೇ ಹಾಕಿದುದಕ್ಕಿಂತಲೂ ಎರಡರ ಕೂಡಿಕೆ ಮೇಲಾಯಿತು.

ಯಾವ ನೆಲಕ್ಕೆ ಇದು ಸಲ್ಲುವುದೆಂಬ ವಿಚಾರವು ಎಲ್ಲಕ್ಕಿಂತ ಮುಖ್ಯವಾದುದು. 2017ರಲ್ಲಿ ವಿದ್ವಾಂಸರು ಲೋಕದ ನಾನಾ ಕಡೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಉಷ್ಣವಲಯದಲ್ಲಿ ಇಳುವರಿ ಸರಾಸರಿ ನೂರಕ್ಕೆ 25ರಷ್ಟು ಹೆಚ್ಚಿತೆಂದೂ ಶೀತದೇಶಗಳಲ್ಲಿ ಸರಾಸರಿ ಯಾವ ಹೆಚ್ಚಳವೂ ಆಗಲಿಲ್ಲವೆಂದೂ ಕಂಡುಬಂದಿತು. ಉಷ್ಣವಲಯದವರೆಂದು ನಾವೆಲ್ಲರೂ ಹಿಗ್ಗುವ ಹಾಗಿಲ್ಲ. ಅಲ್ಲಿಯ ಹೆಚ್ಚಳಕ್ಕೆ ಕಾರಣವೇನೆಂದರೆ, ಆ ನೆಲಗಳು ಹುಳಿಯಾದುವು, ಸಾರ ಕಡಿಮೆಯಾದುವು; ಇದ್ದಿಲು ಕ್ಷಾರಗುಣದ್ದಾದ್ದರಿಂದ ಸುಣ್ಣದಂತೆ ಕೆಲಸ ಮಾಡಿತು. ಮಲೆನಾಡಿನ ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿಗೂ ಸಾರ ತೊಳೆದುಹೋದ ಹುಳಿ ಮಸಾರಿಗೂ ಇದು ಒಪ್ಪುವ ಮಾತು. ಅಲ್ಲಿಯ ಹಿರಿಯರು ತರಗೆಲೆಯನ್ನೂ ಮಣ್ಣನ್ನೂ ಕೂಡಿಸಿ ಕಾವಿನಲ್ಲಿ ಬೇಯಿಸಿ ಸುಡುಮಣ್ಣು ಮಾಡಿ ಗಿಡಗಳಿಗೆ ಹಾಕುತ್ತಿದ್ದುದು ಇದರ ನೆರೆಯ ವಿದ್ಯೆಯೇ ಆಗಿದೆ. ಎರೆಭೂಮಿಯಾದರೋ ಮೊದಲೇ ಕ್ಷಾರದ ಕಡೆಗೆ ವಾಲಿದ್ದು. ನೀರನ್ನು ಹಿಡಿದಿಡುವ ಗುಣವೂ ಅದಕ್ಕೆ ಮೊದಲೇ ಇದೆ. ಅಲ್ಲಿ ಇದ್ದಿಲನ್ನು ಬುಟ್ಟಿಗಟ್ಟಲೆ ಸುರಿಯುವುದು ವ್ಯರ್ಥ. ಕಾಲುವೆಯ ನೀರಿನಿಂದ ಸವಳಾದ ನೆಲಕ್ಕಂತೂ ಕೇಡೂ ಆದೀತು. ಎರೆಯ ಒಕ್ಕಲಿಗನು ಅದನ್ನು ತಿಪ್ಪೆಯ ಮೂಲಕವೇ, ಸ್ವಲ್ಪ ಸ್ವಲ್ಪವಾಗಿ, ಮಣ್ಣನ್ನು ಪರೀಕ್ಷೆ ಮಾಡಿಸಿದ ಮೇಲೆ ಸೇರಿಸಿದರೆ ಸಾಕು.

ಲೆಕ್ಕದ ಮಾತೂ ಒಂದಿದೆ. ಪ್ರಯೋಗಗಳಲ್ಲಿ ಹೆಕ್ಟೇರಿಗೆ 10 ಟನ್ ಇದ್ದಿಲು ಹಾಕಿದ ಉದಾಹರಣೆಗಳು ಬಹಳ; ಎಂದರೆ ಎಕರೆಗೆ 4 ಟನ್. ಒಂದು ಎಕರೆಯಲ್ಲಿ ಒಂದು ಟನ್ ಒಣ ಹತ್ತಿಕಟ್ಟಿಗೆ ಬರುವುದೆಂದು ಹಿಡಿಯೋಣ. ಕುಳಿಯಲ್ಲಿ ಸುಟ್ಟರೆ ಅದರಿಂದ ಸುಮಾರು 200 ಕಿಲೋ ಇದ್ದಿಲು ದೊರೆಯುತ್ತದೆ. ಆ ಹೊಲದ ಕಟ್ಟಿಗೆಯಿಂದಲೇ ಆ ಹೊಲಕ್ಕೆ 4 ಟನ್ ಕೂಡಿಸಬೇಕಾದರೆ 20 ವರ್ಷ ಬೇಕು! ಆದುದರಿಂದ ಬಿಡಿಯಾಗಿ ಎರಚುವ ಮಾತನ್ನು ಬಿಟ್ಟು, ಗಿಡದ ಬುಡಕ್ಕೆ, ಸಸಿಯ ಗುಂಡಿಗೆ, ತರಕಾರಿಯ ಮಡಿಗೆ ಹಾಕುವುದೇ ವಿವೇಕ.

ಸುಡತಕ್ಕದ್ದು ಯಾವುದು, ಸುಡಬಾರದ್ದು ಯಾವುದು? ಕಣಿಕೆಯನ್ನೂ ಹೊಟ್ಟನ್ನೂ ಸುಡುವುದು ದನಗಳ ಹೊಟ್ಟೆಯ ಮೇಲೆ ಹೊಡೆದಂತೆ. ಕಬ್ಬಿನ ರವದಿಯನ್ನು ಸಾಲುಗಳ ನಡುವೆ ಹಾಸಿ ಕೊಳೆಯಬಿಡುವುದೇ ಲೇಸು. ಹತ್ತಿಯ ಕಟ್ಟಿಗೆಯದು ಬೇರೆಯ ಕಥೆ. ಅದರಲ್ಲಿ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಹುಳು ಅಡಗಿದ್ದು ಮುಂದಿನ ವರ್ಷದ ಬೆಳೆಗೆ ಹತ್ತುವುದರಿಂದ ಕಟ್ಟಿಗೆಯನ್ನು ಹೊಲದಲ್ಲಿ ಉಳಿಸಬಾರದೆಂದು ಕೃಷಿ ಇಲಾಖೆಯವರೇ ಹೇಳುತ್ತಾರೆ. ಇದ್ದಿಲು ಮಾಡಿದರೆ ಹುಳುವೂ ಹೋಗುತ್ತದೆ, ಇಂಗಾಲವೂ ಉಳಿಯುತ್ತದೆ. ಮೆಕ್ಕೆಜೋಳದ ದಿಂಡು, ಸೇಂಗಾ ಸಿಪ್ಪೆ, ತೆಂಗಿನ ಚಿಪ್ಪು, ಕಾಫಿಯ ಹೊಟ್ಟು, ಹಳ್ಳ ಗೋಮಾಳಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ, ಇವೂ ಇದಕ್ಕೆ ಒದಗುತ್ತವೆ. ಬಣ್ಣ ಬಳಿದ ಹಳೆಯ ಮರ, ಪ್ಲಾಸ್ಟಿಕ್ಕು ಸೇರಿದ ಕಸ ಮಾತ್ರ ಕುಳಿಯ ಹತ್ತಿರವೂ ಬರಬಾರದು. ಅವುಗಳ ವಿಷ ನೆಲದಲ್ಲಿಯೇ ನಿಲ್ಲುತ್ತದೆ.

ಪರಿಸರದ ದೃಷ್ಟಿಯಿಂದ ಇದರ ಬೆಲೆ ಎಷ್ಟು? ಗಿಡವು ಗಾಳಿಯಿಂದ ಹೀರಿದ ಇಂಗಾಲಾಮ್ಲವಾಯು ಕೊಳೆತರೂ ಸುಟ್ಟರೂ ಬೇಗನೆ ಗಾಳಿಗೇ ಮರಳುತ್ತದೆ. ಇದ್ದಿಲಾದ ಭಾಗ ಮಾತ್ರ ಮರಳುವುದಿಲ್ಲ. ಹವಾಮಾನದ ಬದಲಾವಣೆಯನ್ನು ಪರಿಶೀಲಿಸುವ ಅಂತರಸರಕಾರಿ ಮಂಡಲಿಯು 2019ರಲ್ಲಿ ಪ್ರಕಟಿಸಿದ ಗಣನೆಯ ಕ್ರಮದಂತೆ, 450ರಿಂದ 600 ಡಿಗ್ರಿಯಲ್ಲಿ ಮಾಡಿದ ಇದ್ದಿಲಿನ ಇಂಗಾಲದಲ್ಲಿ ನೂರಕ್ಕೆ 80 ಪಾಲು ನೂರು ವರ್ಷಗಳ ಮೇಲೆಯೂ ಮಣ್ಣಿನಲ್ಲಿ ಉಳಿದಿರುತ್ತದೆ. ಮೇಲೆ ಹೇಳಿದ 200 ಕಿಲೋ ಇದ್ದಿಲಿನಲ್ಲಿ 140 ಕಿಲೋ ಇಂಗಾಲವೆಂದು ಹಿಡಿದರೆ, ಒಂದು ಎಕರೆಯ ಹತ್ತಿಕಟ್ಟಿಗೆಯಿಂದ ಸುಮಾರು 400 ಕಿಲೋ ಇಂಗಾಲಾಮ್ಲವಾಯುವನ್ನು ಭೂಮಿಗೆ ಕಟ್ಟಿಹಾಕಿದಂತಾಯಿತು. ಆದರೆ ಹೊಗೆಯೇಳುವ ಕೆಟ್ಟ ಭಟ್ಟಿಯಲ್ಲಿ ಸುಟ್ಟರೆ, ಆ ಹೊಗೆಯಲ್ಲಿರುವ ಮೀಥೇನು ಮೊದಲಾದುವು ಈ ಲಾಭವನ್ನೆಲ್ಲ ನುಂಗಿಹಾಕಬಲ್ಲವು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದವರು 2017ರಿಂದ ತೋಟಗಳ ಕಸವನ್ನು ಇದ್ದಿಲು ಮಾಡಿ, ಅದರ ಶಾಖವನ್ನು ಮನೆಗಳನ್ನು ಬೆಚ್ಚಗಿಡುವ ಕೊಳವೆಗಳಿಗೂ, ಇದ್ದಿಲನ್ನು ಬೀದಿಯ ಮರಗಳ ಬುಡಕ್ಕೂ ಉಪಯೋಗಿಸಿದರು. ಕಲ್ಲುಚೂರಿನ ಸಂಗಡ ಇದ್ದಿಲು ಬೆರೆಸಿದ ಗುಂಡಿಯಲ್ಲಿ ಮಳೆಯ ನೀರು ಇಂಗಿ ಮರಗಳು ಚೇತರಿಸಿಕೊಂಡುವು.

ನೀರು ಸೋಸಲು ಇದ್ದಿಲನ್ನು ಬಳಸುವುದು ಎಲ್ಲರೂ ಬಲ್ಲದ್ದೇ. ಬಣ್ಣ, ವಾಸನೆ, ಕೆಲವು ಕೀಟನಾಶಕಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆದರೆ ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಫ್ಲೋರೈಡನ್ನು ಸಾದಾ ಇದ್ದಿಲು ಹೇಳಿಕೊಳ್ಳುವಷ್ಟು ಹಿಡಿಯದು. ಅದನ್ನು ನಂಬಿ ಆ ನೀರು ಕುಡಿಯಲಾಗದು.

ಉದ್ಯಮಗಳಲ್ಲಿ ಇದ್ದಿಲಿನ ಕಥೆ ನಮ್ಮ ನಾಡಿನಲ್ಲಿಯೇ ನೂರು ವರ್ಷ ದಾಟಿದೆ. ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಭದ್ರಾವತಿಯ ಕಾರ್ಖಾನೆಯು 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದುದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಡುವ ಹೊಗೆಯಿಂದ ಮದ್ಯಸಾರವನ್ನೂ ಟಾರನ್ನೂ ಇಳಿಸಿಕೊಳ್ಳುವ ಯಂತ್ರವೂ ಅಲ್ಲಿದ್ದಿತು. ವ್ಯರ್ಥವಾಗದಂತೆ ಸುಡುವ ವಿದ್ಯೆಗೆ ಅದು ಒಳ್ಳೆಯ ಉದಾಹರಣೆ. ಕಾಡನ್ನು ಕುಲುಮೆಗೆ ಒಪ್ಪಿಸಿದುದಕ್ಕೂ ಅದೇ ಉದಾಹರಣೆ. ಬ್ರೆಝಿಲಿನಲ್ಲಿ ಇಂದಿಗೂ ನೀಲಗಿರಿ ತೋಪುಗಳ ಇದ್ದಿಲಿನಿಂದ ಕಬ್ಬಿಣ ತೆಗೆಯುತ್ತಾರೆ. ತೆಂಗಿನ ಚಿಪ್ಪಿನ ಇದ್ದಿಲಿಗೆ ಉಗಿಯ ಸಂಸ್ಕಾರ ಕೊಟ್ಟರೆ ಅದರ ಒಳರಂಧ್ರಗಳು ಇನ್ನೂ ತೆರೆದು, ಮನೆಯ ನೀರಿನ ಶೋಧಕಗಳಲ್ಲಿಯೂ, ಚಿನ್ನದ ಅದಿರಿನ ದ್ರವದಿಂದ ಚಿನ್ನವನ್ನು ಹಿಡಿಯುವುದಕ್ಕೂ ಒದಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನಿಂದ ಸೈನಿಕರನ್ನು ಕಾಯ್ದ ಮುಖವಾಡಗಳಲ್ಲಿಯೂ ಇಂಥ ಇದ್ದಿಲೇ ಇದ್ದಿತು. ಸಿಮೆಂಟಿನ ಗಾರೆಯಲ್ಲಿ ಸ್ವಲ್ಪ ಇದ್ದಿಲ ಪುಡಿ ಬೆರೆಸುವ ಪ್ರಯತ್ನಗಳೂ ನಡೆದಿವೆ.

ಕೊನೆಯದಾಗಿ ಹೊಸ ಬಗೆಯ ಒಂದು ವ್ಯಾಪಾರ. ಇಂಗಾಲಾಮ್ಲವಾಯುವನ್ನು ಉಗುಳುವ ದೊಡ್ಡ ಕಂಪನಿಗಳು, ಬೇರೆಯವರು ಮಣ್ಣಿನಲ್ಲಿ ಕಟ್ಟಿಹಾಕಿದ ಇಂಗಾಲದ ಲೆಕ್ಕವನ್ನು ಹಣ ಕೊಟ್ಟು ಕೊಳ್ಳುತ್ತಿವೆ. ಭಾರತದ ವರಾಹ ಎಂಬ ಕಂಪನಿಯಿಂದ ಇದ್ದಿಲಿನ ಮೂಲಕ 2030ರೊಳಗೆ ಒಂದು ಲಕ್ಷ ಟನ್ ಲೆಕ್ಕವನ್ನು ಕೊಳ್ಳುವುದಾಗಿ ಗೂಗಲ್ ಕಂಪನಿಯು 2025ರ ಜನವರಿಯಲ್ಲಿ ಪ್ರಕಟಿಸಿತು. ಅದಕ್ಕೆ ಕಚ್ಚಾ ಸಾಮಗ್ರಿಗಳಲ್ಲಿ ಒಂದು ಗುಜರಾತಿನ ಬಯಲಿನಲ್ಲಿ ಹಬ್ಬಿರುವ ಅದೇ ಬಳ್ಳಾರಿ ಜಾಲಿ. ನಾಳೆ ಇಂಥ ಕರಾರಿನ ಕಾಗದ ನಮ್ಮ ಹಳ್ಳಿಗಳಿಗೂ ಬಂದರೆ, ರುಜು ಹಾಕುವ ಮುಂಚೆ ಒಕ್ಕಲಿಗನು ಮೂರು ಮಾತುಗಳನ್ನು ಕೇಳಬೇಕು. ಇದ್ದಿಲು ಯಾರ ಹೊಲಕ್ಕೆ ಸೇರುವುದು? ಲೆಕ್ಕದ ಹಣದಲ್ಲಿ ಕಟ್ಟಿಗೆ ಕೊಟ್ಟವನ ಪಾಲು ಎಷ್ಟು? ಜಾಲಿ ತೀರಿದ ಮೇಲೆ ಕೊಡಲಿ ಯಾವ ಮರದ ಕಡೆಗೆ ತಿರುಗುವುದು? ಮೂರನೆಯದಕ್ಕೆ ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಕಾಗದದಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು.